ನಗಿಸಬಾರದ ಮನೆ

ನಗಿಸುವುದನ್ನು ಎಲ್ಲಿ ಕಲಿತಿರಿ ಎಂದು ಕೇಳುವವರಿಗೆ ನಾನು ಇದ್ದದ್ದನ್ನೇ ಹೇಳುತ್ತೇನೆ: ನಗಿಸಬಾರದು ಎಂದು ಕಟ್ಟಪ್ಪಣೆ ಇದ್ದ ಮನೆಯಲ್ಲಿ. ಅದನ್ನೂ ತಮಾಷೆ ಎಂದುಕೊಂಡು ನಗುತ್ತಾರೆ. ನಗಲಿ, ನನ್ನ ಹೊಟ್ಟೆಪಾಡೇ ಅದು. ನಮ್ಮ ಕಡೆಯ ಮಾತಿನಲ್ಲಿ, ನಮ್ಮ ಕೇರಿಯ ಹೆಣ್ಣುಮಗಳೊಬ್ಬಳು ಟಿವಿಯಲ್ಲಿ ಒಬ್ಬಳೇ ನಿಂತು ಮಂದಿಯನ್ನು ನಗಿಸಿದ್ದು ನನ್ನಿಂದಲೇ ಶುರುವಾಯಿತು ಎಂದು ಹೊಗಳುವವರಿದ್ದಾರೆ. ಹೊಗಳಿಕೆ ಯಾರಿಗೆ ಬೇಡ? ಆದರೆ ಶುರುವಾದದ್ದು ನಮ್ಮ ಆಯಿಯಿಂದ, ಅಂದರೆ ಅಪ್ಪನ ಅವ್ವನಿಂದ. ಆಯಿ ನಗಿಸಿದ್ದು ಗೌಡರ ವಾಡೆಯ ಅಂಗಳದಲ್ಲಿ, ನೆಲದ ಮೇಲೆ ಕೂತು. ಅವಳ ಫೋಟೋ ಯಾರೂ ತೆಗೆಯಲಿಲ್ಲ.

ಆಳಂದದಿಂದ ಖಜೂರಿಗೆ ಹೋಗುವ ರಸ್ತೆಯ ಮಗ್ಗುಲಿಗೆ ಊರು, ಊರಿನ ಮಗ್ಗುಲಿಗೆ ನಮ್ಮ ಕೇರಿ. ಮಣ್ಣಿನ ಮಾಳಿಗೆಯ ಮನೆ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ಮುಗಿಯಿತು. ಎರಡರ ನಡುವಿನ ಗೋಡೆಯಲ್ಲಿ ಚೌಕಾಕಾರದ ಒಂದು ಕಿಂಡಿ ಇತ್ತು. ಒಂದೇ ದೀಪ ಇಟ್ಟರೆ ಎರಡೂ ಕಡೆ ಬೆಳಕು ಬೀಳಲಿ ಎಂದು ಅಪ್ಪನೇ ಕೊರೆದದ್ದು. ಪಡಸಾಲೆಯ ಗೋಡೆಗೆ ಬುದ್ಧನದೊಂದು ಪಟ, ನೀಲಿ ಕೋಟಿನವರದೊಂದು ಪಟ. ಅಪ್ಪ ರಸ್ತೆ ಗ್ಯಾಂಗಿನಲ್ಲಿ ಸರಕಾರಿ ಕೂಲಿ. ಸಂಜೆ ಬಂದರೆ ಪಾದಕ್ಕೆ ಅಂಟಿದ ಡಾಂಬರನ್ನು ಚಿಮಣಿ ಎಣ್ಣೆಯಲ್ಲಿ ತಿಕ್ಕಿ ತೊಳೆದು, ಆಮೇಲೆ ಪಟಗಳಿಗೆ ಕೈಮುಗಿಯುತ್ತಿದ್ದ. ಅವ್ವ ಗೌಡರ ಹೊಲದಲ್ಲಿ ತೊಗರಿ ಕೊಯ್ಲಿಗೆ, ಜೋಳದ ಕಳೆಗೆ ಹೋಗುತ್ತಿದ್ದಳು. ಊಟಕ್ಕೆ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ. ಪುಂಡಿಪಲ್ಯ ಇದ್ದ ದಿನ ಆಯಿ ಜಗಳ ಕಡಿಮೆ ಮಾಡುತ್ತಿದ್ದಳು, ಬಾಯಿಗೆ ಬಿಡುವಿರುತ್ತಿರಲಿಲ್ಲವಲ್ಲ.

ಅಪ್ಪನಿಗೂ ಆಯಿಗೂ ಜಗಳ ಯಾವಾಗಲೂ ಒಂದೇ. ನಮ್ಮ ಕೇರಿ ಬುದ್ಧನ ದಾರಿ ಹಿಡಿದಾಗ ಅಪ್ಪ ಮತ್ತು ಅವನ ಓರಗೆಯವರು ಕೂಡಿ ಕೆಲವು ನೇಮ ಮಾಡಿದ್ದರು. ಕೊನೆಯ ನೇಮವನ್ನು ಮಾತ್ರ ಅಪ್ಪ ತಾನೇ ಸೇರಿಸಿದ್ದು. ಅದು ಖಾಸಾ ನಮ್ಮ ಮನೆಗಾಗಿ.

"ಹಲಗಿ ಬಾರಸೂದು ಬಿಟ್ವಿ, ಸತ್ತ ದನಾ ಎಳಿಯೂದು ಬಿಟ್ವಿ, ಉಳದದ್ದು ತಿನ್ನೂದು ಬಿಟ್ವಿ. ಇನ್ನ ಮಂದೀನ ನಗಸೂದೂ ಬಿಡಬೇಕು."

"ಎಲ್ಲಾ ಬಿಟ್ಟು ಹಿಡಕೊಳ್ಳೂದು ಏನೋ ಮತ್ತ? ನಗಿ ಏನು ನಿಮ್ಮಪ್ಪನ ಗಂಟೇನು?"

"ನಗಿ ನಮ್ಮದಾದ್ರ ನಗೂನು. ಅದು ಅವ್ರದು."

ನಗು ಅವರದು ಹೇಗಾಯಿತು ಎಂಬುದು ನನಗೆ ತಿಳಿಯದ ಒಗಟಾಗಿತ್ತು. ಅಪ್ಪನನ್ನು ಕೇಳುವ ಧೈರ್ಯವಿಲ್ಲ, ಆಯಿಯನ್ನು ಕೇಳಲು ಧೈರ್ಯವೇ ಬೇಕಿಲ್ಲ. ಬಿಸಿಲಿಗೆ ಕೂತು ಜೋಳ ಹಸನು ಮಾಡುತ್ತ ಅವಳು ಹೇಳಿದ್ದಿಷ್ಟು. ವಾಡೆಯಲ್ಲಿ ಮದುವೆಯಾದರೆ ಬೀಗರು ಉಂಡು ಕೂತಾಗ ಅವರನ್ನು ಆಡಿಸಿ ನಗಿಸುವುದು ನಮ್ಮ ಮನೆಯ ಹೆಂಗಸರ ಪಾಲಿನ ಚಾಕರಿ. ಬೀಗರು ಕಟ್ಟೆಯ ಮೇಲೆ, ನಮ್ಮವರು ಕೆಳಗೆ ಅಂಗಳದಲ್ಲಿ. ವರನ ಅಪ್ಪ ಹೇಗೆ ಮೀಸೆ ತಿರುವುತ್ತಾನೆ, ಅವನ ಹೆಂಡತಿ ಹೇಗೆ ಹುಗ್ಗಿಯನ್ನು ಸೆರಗಿನ ಮರೆಯಲ್ಲಿ ಎರಡನೇ ಸಲ ಹಾಕಿಸಿಕೊಳ್ಳುತ್ತಾಳೆ, ಎಲ್ಲವನ್ನೂ ಆಯಿ ಮಾಡಿ ತೋರಿಸುತ್ತಿದ್ದಳು. ಸಾಕಾಗುವಷ್ಟು ನಕ್ಕ ಮೇಲೆ, ಎಲೆಯಲ್ಲಿ ಉಳಿದ ಹುಗ್ಗಿಯನ್ನು ಮೇಲಿನಿಂದಲೇ, ಮುಟ್ಟದ ಹಾಗೆ, ಅವಳ ಸೆರಗಿಗೆ ಸುರಿಯುತ್ತಿದ್ದರು. ಸಣ್ಣವನಿದ್ದ ಅಪ್ಪ ಅವಳ ತೊಡೆಗೆ ಅಂಟಿಕೊಂಡು ಕೂತಿರುತ್ತಿದ್ದ.

"ನಿಮ್ಮಪ್ಪ ಬಂಗಾರದಂಥಾ ಉಣ್ಣವ ಇದ್ದ ಬೇ. ಸೆರಗಿನ್ಯಾಗಿಂದು ಬಳದು ಬಳದು ತಿಂತಿದ್ದ. ಈಗ ನನಗ ಶ್ಯಾಣ್ಯಾತನ ಹೇಳಾಕತ್ತಾನ!"

ಹೇಳುತ್ತಲೇ ವರನ ಅಪ್ಪನ ಮೀಸೆ, ಅವನ ತೇಗು, ಎಲ್ಲ ಮಾಡಿದಳು. ನಾನು ಹೊಟ್ಟೆ ಹಿಡಿದುಕೊಂಡು ಉರುಳಾಡಿದೆ. ಆ ಜೋಳ ಮತ್ತೆ ಹಸನು ಮಾಡಬೇಕಾಯಿತು.

ಇಂಥ ಮನೆಗೆ ಸರಕಾರ ಟಿವಿ ತಂದುಕೊಟ್ಟಿತು. ನಮ್ಮ ಮನೆಗಲ್ಲ, ಊರ ಶಾಲೆಗೆ. ನಾನಾಗ ಮೂರನೇ ಇಯತ್ತೆ. ಬೆಂಗಳೂರಿನವರೇ ಇನ್ನೂ ಟಿವಿಯ ಮುಖ ಕಾಣದ ಕಾಲ. ನಮ್ಮ ಕಡೆಯ ಕೆಲವು ಹಳ್ಳಿಗಳಲ್ಲಿ ಒಂದು ವರ್ಷದ ಮಟ್ಟಿಗೆ ಇಟ್ಟು ನೋಡೋಣ ಎಂದು ಸರಕಾರದವರಿಗೆ ಅನ್ನಿಸಿತ್ತಂತೆ. ಶಾಲೆಯ ಮಾಳಿಗೆಯ ಮೇಲೆ ಕೋಳಿ ಜಾಳಿಗೆಯ ತಂತಿಯಲ್ಲಿ ಹೆಣೆದ ದೊಡ್ಡ ಕೊಡೆಯನ್ನು ಮಲಗಿಸಿದರು, ಕೆಳಗೆ ಹೆಡ್‌ಮಾಸ್ತರರ ಮೇಜಿನ ಮೇಲೆ ಮರದ ಪೆಟ್ಟಿಗೆ ಇಟ್ಟರು. ಸಂಜೆಯಾದರೆ ಊರೆಲ್ಲ ಅಲ್ಲಿ. ಮುಂದೆ ಕುರ್ಚಿಯಲ್ಲಿ ಗೌಡರು, ಅವರ ಹಿಂದೆ ಜಮಖಾನೆಯ ಮೇಲೆ ಊರವರು, ಎಲ್ಲರ ಹಿಂದೆ ಬೇವಿನ ಗಿಡದ ಬುಡಕ್ಕೆ ನಾವು. ಹಾಗೆ ಕೂರಿರೆಂದು ಯಾರೂ ಹೇಳಲಿಲ್ಲ. ಹೇಳುವ ಜರೂರು ಏನಿತ್ತು?

ಪೆಟ್ಟಿಗೆಯಲ್ಲಿ ಮೊದಲು ಕೋಟು ಹಾಕಿದ ಸಾಹೇಬನೊಬ್ಬ ಬಂದು ಕೈಮುಗಿದು ನಮಸ್ಕಾರ ಅನ್ನುತ್ತಿದ್ದ. ಮೊದಲ ದಿನವೇ ಆಯಿ ತಲೆಯ ಮೇಲೆ ಸೆರಗು ಎಳೆದುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ದಡಕ್ಕನೆ ಎದ್ದು ನಿಂತಳು. ಅವಳನ್ನು ನೋಡಿ ಕೇರಿಯ ಮುದುಕಿಯರೆಲ್ಲ ಎದ್ದರು. ಕೋಟಿನ ಸಾಹೇಬ ಎದುರಿಗೆ ಬಂದರೆ ಕೂತಿರುವುದು ಅವರಿಗೆ ಗೊತ್ತೇ ಇರಲಿಲ್ಲ.

"ಕುಂಡ್ರಬೇ ಆಯಿ, ಆತಗ ನೀ ಕಾಣಸೂದಿಲ್ಲ."

"ಅಷ್ಟು ದೂರದಿಂದ ಆತ ನನಗ ಕಾಣಸ್ತಾನ. ನಾ ಯಾಕ ಆತಗ ಕಾಣಸೂದಿಲ್ಲ?"

ಹತ್ತಾರು ಸ್ಟುಡಿಯೋ ಕಂಡ ಮೇಲೂ ಕ್ಯಾಮೆರಾದ ಮುಂದೆ ನಿಂತಾಗ ಈ ಪ್ರಶ್ನೆ ನನಗೆ ನೆನಪಾಗುತ್ತದೆ. ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಆ ಸಾಹೇಬ ಊಟ ಎಲ್ಲಿ ಮಾಡುತ್ತಾನೆ? ಕಾಲು ಇದೆಯೋ ಇಲ್ಲವೋ? ಎಲ್ಲಕ್ಕಿಂತ ಮುಖ್ಯವಾದದ್ದನ್ನು ಅಪ್ಪನ ಕಿವಿಯಲ್ಲಿ ಕೇಳಿದೆ.

"ಅಪ್ಪಾ, ಆ ಸಾಹೇಬಗ ನಮ್ಮ ಜಾತಿ ಗೊತ್ತದೇನು?"

"ಗೊತ್ತಿಲ್ಲ. ಅದಕ್ಕ ನಮಸ್ಕಾರ ಮಾಡಾಕತ್ತಾನ. ಸುಮ್ಮ ನೋಡು."

ಪೆಟ್ಟಿಗೆ ಆಗಾಗ ಕೆಡುತ್ತಿತ್ತು. ಸಾಹೇಬ ಮಾತಿನ ನಡುವೆಯೇ ಮಾಯವಾಗಿ, 'ಅಡಚಣೆಗಾಗಿ ಕ್ಷಮಿಸಿ' ಎಂದು ಬರೆದ ಹಲಗೆಯೊಂದು ಬಂದು ನಿಂತು, ಕುಂಯ್ಯ್ ಎಂದು ಒಂದೇ ಸಮನೆ ಸದ್ದು ಬರುತ್ತಿತ್ತು. ಹೆಡ್‌ಮಾಸ್ತರರು ಪೆಟ್ಟಿಗೆಯ ಪಕ್ಕೆಗೆ ಎರಡೇಟು ಹಾಕುತ್ತಿದ್ದರು. ಅದು ಜಪ್ಪಯ್ಯ ಅನ್ನುತ್ತಿರಲಿಲ್ಲ. ಆಗ ಎಲ್ಲರೂ ಕಾಯಬೇಕು. ಗೌಡರೂ ಕಾಯಬೇಕು. ಆಕಳಿಸುತ್ತ, ಕಾಲ ಮೇಲಿನ ಕಾಲು ಬದಲಿಸುತ್ತ ಗೌಡರು ಕಾಯುವುದನ್ನು ನಾನು ಬೇವಿನ ಗಿಡದ ಬುಡದಿಂದ ಕಣ್ಣು ಕೀಳದೆ ನೋಡುತ್ತಿದ್ದೆ. ಖರೆ ಹೇಳಬೇಕೆಂದರೆ ಕಾರ್ಯಕ್ರಮಕ್ಕಿಂತ ಅದೇ ನನಗೆ ಮಜಾ.

ವರ್ಷ ತುಂಬಿತು, ಸರಕಾರದ ಲಾರಿ ಬಂತು, ಪೆಟ್ಟಿಗೆ ಹೋಯಿತು. ತಂತಿಯ ಕೊಡೆ ಮಾತ್ರ ಮಾಳಿಗೆಯ ಮೇಲೆ ಉಳಿದು ಕಾಗೆಗಳ ಪಾಲಾಯಿತು. ಸಂಜೆ ಮಾಡಲು ಏನೂ ತೋಚದೆ ಊರು ಮಂಕಾಗಿ ಕೂತಿತು. ಹಾಗಿರುವಾಗ ಒಂದು ಸಂಜೆ ಅಡುಗೆಮನೆಯಲ್ಲಿದ್ದ ನಾನು ಕಿಂಡಿಯಿಂದ ದೀಪ ಸರಿಸಿ, ಅಲ್ಲಿ ನನ್ನ ಮುಖ ಇಟ್ಟು, ಪಡಸಾಲೆಯಲ್ಲಿದ್ದ ಆಯಿಗೆ ಕೈಮುಗಿದೆ.

"ನಮಸ್ಕಾರ. ರೈತ ಬಾಂಧವರೇ, ಇಂದಿನ ವಿಷಯ, ತೊಗರಿಗೆ ತಗಲುವ ಕಾಯಿಕೊರಕ ಹುಳು."

ಆಯಿ ಬೊಚ್ಚುಬಾಯಿ ತೆರೆದು ಕೂತವಳು, ಗೋಡೆ ಹಿಡಿದುಕೊಂಡು ಎದ್ದು ನಿಂತಳು. ಆಮೇಲೆ ನಗಲು ಶುರು ಮಾಡಿದಳು. ಮರುದಿನ ಮಗ್ಗುಲ ಮನೆಯವರು ಬಂದರು, ಅದರ ಮರುದಿನ ಕೇರಿಯೇ ಬಂತು. ಹುಳುವಿನ ಸಾಹೇಬ, ಸಣ್ಣ ಸಂಸಾರ ಸುಖ ಸಂಸಾರ ಎಂದು ಎಲ್ಲ ಹೆಂಗಸರಿಗೂ ಬುದ್ಧಿ ಹೇಳುವ ಮೇಡಂ, ಪೆಟ್ಟಿಗೆಗೆ ಏಟು ಹಾಕುವ ಹೆಡ್‌ಮಾಸ್ತರರು, ಎಲ್ಲರೂ ಕಿಂಡಿಯಲ್ಲಿ ಬಂದರು. ಆಯಿಯನ್ನೂ ಮಾಡುತ್ತಿದ್ದೆ, ಚಪ್ಪಲಿ ಕೈಯಲ್ಲಿ ಹಿಡಿದು ಸಾಹೇಬನಿಗೆ ಎದ್ದು ನಿಲ್ಲುವ ಆಯಿ. ಎಲ್ಲರಿಗಿಂತ ಜೋರಾಗಿ ಅವಳೇ ನಗುತ್ತಿದ್ದಳು. ಅಪ್ಪ ಗ್ಯಾಂಗಿನಿಂದ ಬರುವ ಹೊತ್ತಿಗೆ ಕಿಂಡಿಯಲ್ಲಿ ಮತ್ತೆ ದೀಪ ಇರುತ್ತಿತ್ತು. ಎಷ್ಟು ದಿನ ನಡೆದೀತು? ಒಂದು ಸಂಜೆ ಅವನು ಬೇಗ ಬಂದ. ನಗು ನಿಂತಿತು, ಮಂದಿ ಒಬ್ಬೊಬ್ಬರಾಗಿ ಜಾರಿಕೊಂಡರು. ಅಪ್ಪ ಬೈಯಲಿಲ್ಲ. ಚಿಮಣಿ ಎಣ್ಣೆಯ ಅರಿವೆಯಿಂದ ಪಾದ ತಿಕ್ಕುತ್ತ, ತಲೆ ಎತ್ತದೆ ಹೇಳಿದ.

"ಸುಜಾತಾ, ಈಗ ಮನ್ಯಾಗ ಮಾಡಾಕತ್ತಿ. ನಾಳಿ ಅಂಗಳಕ್ಕ ಕರೀತಾರ. ನೋಡಾಕತ್ತಿರು."

ಅವನ ಮಾತು ಸುಳ್ಳಾಗಲಿಲ್ಲ. ಗೌಡರ ಮಗಳ ಮದುವೆ ಗೊತ್ತಾಯಿತು, ಬೀಗರು ಸೋಲಾಪುರದ ಕಡೆಯವರು. ವಾಡೆಯ ಆಳು ಸಾಯಬಣ್ಣ ನಮ್ಮ ಬಾಗಿಲಿಗೆ ಬಂದು ನಿಂತ.

"ಕೂಸು ಟಿವಿ ಮಾಡ್ತದಂತಲ್ಲೋ. ಬೀಗ್ರ ಮುಂದ ಕರಕೊಂಡು ಬಾ ಅಂದಾರ ಗೌಡ್ರು. ನಿಮ್ಮವ್ವ ಮಾಡ್ತಿದ್ಳಲ್ಲ, ಹಾಂಗ."

ನನಗೆ ಹೆದರಿಕೆಯಾಗಲಿಲ್ಲ, ಆಸೆಯಾಯಿತು. ಸೋಲಾಪುರದ ಮಂದಿ ನನ್ನನ್ನು ನೋಡಿ ನಗುತ್ತಾರೋ ಇಲ್ಲವೋ ಎಂದು ತಿಳಿಯಬೇಕಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವನ ಮುಖ ಮಾತ್ರ ಬಿಳಚಿಕೊಂಡಿತು. ತೊಗರಿ ಕೊಯ್ಲು ಎದುರಿಗಿತ್ತು.

"ಇಲ್ಲನ್ನಬ್ಯಾಡ್ರಿ. ನೀವು ರೋಡಿನ್ಯಾಗ ಇರ್ತೀರಿ, ಹೊಲದಾಗ ದುಡಿಯಾಕಿ ನಾನು."

ಅಪ್ಪ ಎದ್ದು ಹೊಸ್ತಿಲಿಗೆ ಬಂದ. ನಂತರ ಸಾಯಬಣ್ಣನನ್ನು ಕೇಳಿದ.

"ಸಾಯಬಣ್ಣಾ, ಸಾಲ್ಯಾಗ ಟಿವಿ ಎಲ್ಲಿ ಇಟ್ಟಿದ್ರು?"

"ಮೇಜಿನ ಮ್ಯಾಲ."

"ನಮ್ಮ ಹುಡುಗಿ ಟಿವಿ ಅಂತ ಕರದಾರಂದ್ರ, ಮೇಜಿನ ಮ್ಯಾಲ ನಿಂತು ಮಾಡ್ತಾಳ. ಬೀಗ್ರು ಕೆಳಗ ಕುಂಡ್ರಲಿ. ಟಿವಿ ಅಂಗಳದಾಗ ಇಟ್ಟು ಯಾರರ ಕಟ್ಟಿ ಮ್ಯಾಲಿಂದ ನೋಡ್ತಾರೇನು? ಒಪ್ಪಿದ್ರ ಬರ್ತೇವಿ. ಊಟಾ ಮಾಡೂದಿಲ್ಲ, ಸೆರಗು ಒಡ್ಡೂದಿಲ್ಲ."

ಸಾಯಬಣ್ಣ ತಲೆ ಕೆರೆದುಕೊಂಡು ಹೋದ. ವಾಡೆಯ ಉತ್ತರಕ್ಕೆ ಮೂರು ಸಂಜೆ ಕಾದೆವು. ಅವ್ವ ರೊಟ್ಟಿ ಬಡಿಯುವ ಸದ್ದಿನಲ್ಲೇ ಅಪ್ಪನಿಗೆ ಬೈಯುತ್ತಿದ್ದಳು. ಆಯಿ ಮಾತ್ರ ಮೂಲೆಯಲ್ಲಿ ಕೂತು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು, ಮೇಜು ಕೇಳಿದನಂತೆ, ಮೇಜು! ಕೊನೆಗೆ ವಾಡೆಯಿಂದ ಹ್ಞೂಂ ಎಂಬ ಉತ್ತರವೇ ಬಂತು. ಬೀಗರಿಗೆ ಆಗಲೇ ಸುದ್ದಿ ಮುಟ್ಟಿತ್ತು, ಕಿಂಡಿಯ ಟಿವಿಯನ್ನು ನೋಡಲೇಬೇಕೆಂದು ಅವರು ಹಟ ಹಿಡಿದಿದ್ದರು, ಅವರ ಮುಂದೆ ಗೌಡರಿಗೆ ಇಜ್ಜತ್ತಿನ ಪ್ರಶ್ನೆ. ಆದರೆ ವಾಡೆಯ ಮೇಜಿಗೆ ನನ್ನ ಕಾಲು ತಗಲಿದರೆ ಮೈಲಿಗೆ. ಅದಕ್ಕೆ ಶಾಲೆಯಿಂದ ಹೆಡ್‌ಮಾಸ್ತರರ ಮೇಜನ್ನು ಹೊತ್ತು ತರಿಸಿದರು. ಅದು ಸರಕಾರದ್ದು, ಸರಕಾರಕ್ಕೆ ಮೈಲಿಗೆ ಇಲ್ಲ. ಏನು ತಲೆ ಅಂತೀರಿ!

ಅಪ್ಪ ನನ್ನನ್ನು ಎತ್ತಿ ಮೇಜಿನ ಮೇಲೆ ನಿಲ್ಲಿಸಿ, ಮಗ್ಗುಲಿಗೆ ನಿಂತ. ಜಮಖಾನೆಯ ಮೇಲೆ ಬೀಗರು, ಅವರ ರುಮಾಲುಗಳು ನನ್ನ ಕಾಲ ಮಟ್ಟಕ್ಕಿದ್ದವು. ಒಳಬಾಗಿಲಿನಲ್ಲಿ ಹೆಂಗಸರು, ನಡುವೆ ಗೌಡರ ಮುದಿತಾಯಿ. ದೂರದಲ್ಲಿ ಗೋಡೆಗೆ ಆತು ನಮ್ಮ ಆಯಿ, ಬರಬೇಡವೆಂದರೂ ಬಂದಿದ್ದಳು. ನಾನು ನಮಸ್ಕಾರ ಅಂದೆ. ಹುಳುವಿನ ಸಾಹೇಬ ಬಂದ, ಬೀಗರು ನಕ್ಕರು. ಸಣ್ಣ ಸಂಸಾರದ ಮೇಡಂ ಬಂದಳು, ಒಳಬಾಗಿಲಿನವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಷ್ಟು ಮಂದಿಯ ನಗು ಒಮ್ಮೆಲೇ ಮೈಗೆ ಬಂದು ಬಡಿದಾಗ ಆಗುವ ಖುಷಿಯನ್ನು ನಾನು ಅವತ್ತೇ ಕಂಡದ್ದು. ಇವತ್ತಿಗೂ ಅದಕ್ಕೆ ಸಮನಾದದ್ದು ನನಗೆ ಬೇರೆ ಸಿಕ್ಕಿಲ್ಲ. ಅಷ್ಟರಲ್ಲಿ ಕಿವಿಗೆ ಬಂಗಾರದ ಬಾಳಿ ಹಾಕಿದ ಬೀಗನೊಬ್ಬ ತೊಡೆ ತಟ್ಟಿಕೊಂಡು ಕೂಗಿದ.

"ಏ ಹುಡುಗಿ, ಇದು ಸಾಕು. ನಿಮ್ಮ ಕೇರಿ ಮುದುಕೇರು ಸೆರಗು ಒಡ್ಡಿ ಬೇಡ್ತಾರಲ್ಲ, ಅದನ್ನ ಮಾಡು!"

ನಾನಿನ್ನೂ ಏನೂ ಮಾಡಿರಲಿಲ್ಲ, ಆಗಲೇ ನಗು ಶುರುವಾಯಿತು. ನನಗೆ ಬರುತ್ತಿರಲಿಲ್ಲ ಎಂದಲ್ಲ. ಬೇರೆಲ್ಲರಿಗಿಂತ ಆಯಿ ನನಗೆ ಚೆನ್ನಾಗಿ ಬರುತ್ತಿದ್ದಳು. ಗೋಡೆಯ ಕಡೆ ನೋಡಿದೆ. ಆಯಿಯೂ ನಗುತ್ತಿದ್ದಳು, ಆದರೆ ಕಿಂಡಿಯ ಮುಂದೆ ನಕ್ಕ ನಗು ಅದಲ್ಲ. ಹಲ್ಲಿಲ್ಲದ ಬಾಯಿ ಅಗಲವಾಗಿತ್ತು, ಕಣ್ಣು ನೆಲದ ಮೇಲಿತ್ತು. ಈ ಅಂಗಳದಲ್ಲಿ ಅವಳು ಹೀಗೇ ನಗುತ್ತಿದ್ದಿರಬೇಕು. ಅಪ್ಪ ಅವತ್ತು ಹೇಳಿದ 'ಅವರ ನಗು' ಯಾವುದೆಂದು ನನಗೆ ಆಗ ಹೊಳೆಯಿತು. ಅಪ್ಪನನ್ನು ನೋಡಿದೆ. ಅವನು ನನಗೆ ಕಣ್ಸನ್ನೆ ಮಾಡಲಿಲ್ಲ. ಮೇಜು ಅಲುಗಾಡದ ಹಾಗೆ ಅದರ ಅಂಚು ಹಿಡಿದು ನಿಂತಿದ್ದ.

ನಾನು ಎರಡೂ ಕೈ ಇಳಿಬಿಟ್ಟು, ಮುಖವನ್ನು ಹಲಗೆಯ ಹಾಗೆ ಮಾಡಿಕೊಂಡೆ.

"ಅಡಚಣೆಗಾಗಿ ಕ್ಷಮಿಸಿ. ಕುಂಯ್ಯ್..."

ಮೊದಲು ಎಲ್ಲರೂ ನಕ್ಕರು. ನಾನು ಉಸಿರು ತೆಗೆದುಕೊಂಡು ಮತ್ತೆ ಕುಂಯ್ಯ್ ಅಂದೆ. ಬಾಳಿಯ ಬೀಗ ಮತ್ತೆ ಹೇಳಿದ, ಮಾಡು. ಕುಂಯ್ಯ್. ನಗು ಸಣ್ಣದಾಯಿತು, ನಿಂತಿತು. ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೀಗ ಎದ್ದು ಬಂದು, ಪೆಟ್ಟಿಗೆಗೆ ಹೊಡೆದಂತೆ ಮೇಜಿನ ಪಕ್ಕೆಗೆ ರಪ್ಪನೆ ಬಡಿದ. ನನ್ನ ಮುಖ ಮಾತ್ರ ಹಲಗೆಯೇ. ಗೌಡರು ಕಾಲ ಮೇಲಿನ ಕಾಲು ಬದಲಿಸಿದರು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ಏನೋ, ಕೊನೆಗೆ ಒಳಬಾಗಿಲಿನಿಂದ ಗೌಡರ ತಾಯಿಯ ದನಿ ಬಂತು.

"ಕೆಟ್ಟ ಟಿವಿಗಿ ಬಡದ್ರ ನಡೀತದೇನೋ? ಆಕಿಗಿ ಅದು ಬರೂದಿಲ್ಲ, ಬಿಡ್ರಿ."

ಗೌಡರು ಕೆಮ್ಮಿದರು. ಬೀಗರ ಮುಂದೆ ಮರ್ಯಾದೆ ಉಳಿಯಬೇಕಾದರೆ ಏನಾದರೂ ಹೇಳಲೇಬೇಕಿತ್ತು.

"ಅದು ಬ್ಯಾಡ ಬಿಡು. ಮುಂದಿಂದು ಹಚ್ಚವಾ."

ಹಚ್ಚವಾ ಅಂದರು, 'ಅವ್ವಾ' ಸೇರಿಸಿ! ನಮ್ಮ ಕೇರಿಯ ಹೆಣ್ಣುಮಕ್ಕಳನ್ನು ಆ ವಾಡೆಯಲ್ಲಿ 'ಲೇ' ಎಂದಲ್ಲದೆ ಬೇರೆ ರೀತಿ ಕರೆದದ್ದನ್ನು ಯಾರೂ ಕೇಳಿರಲಿಲ್ಲ. ನಾನು ಹೆಡ್‌ಮಾಸ್ತರರನ್ನು ಹಚ್ಚಿದೆ. ಬೀಗರು ನಕ್ಕರು, ಬಾಳಿಯವನೂ ನಕ್ಕ. ಊಟಕ್ಕೆ ಕೂರಿ ಎಂದಾಗ ಅಪ್ಪ, ಉಂಡೇ ಬಂದೇವ್ರಿ ಅಂದ. ಅದು ಶುದ್ಧ ಸುಳ್ಳು. ಹುಗ್ಗಿಯ ವಾಸನೆ ವಾಡೆಯ ತುಂಬ ಇತ್ತು, ನನ್ನ ಬಾಯಲ್ಲಿ ನೀರೂರುತ್ತಿತ್ತು.

ಆಮೇಲೆ ಬಹಳ ವರ್ಷ ಕಳೆದು, ಬೆಂಗಳೂರಿನ ಸ್ಟುಡಿಯೋದಲ್ಲಿ ಮೊದಲ ಸಲ ನಿಂತಾಗ, ಕಾರ್ಯಕ್ರಮ ಮಾಡಿಸುವ ದೊಡ್ಡವರು ಬಹಳ ಪ್ರೀತಿಯಿಂದಲೇ, ನಿಮ್ಮ ಭಾಷೆಗೆ ಮನೆಗೆಲಸದವಳ ಪಾತ್ರ ಒಪ್ಪುತ್ತದೆ, ಪೆದ್ದುಪೆದ್ದಾಗಿ ಮಾಡಿ ಎಂದರು. ನಾನು ಕ್ಯಾಮೆರಾದ ಮುಂದೆ ಕೈ ಇಳಿಬಿಟ್ಟು ಸುಮ್ಮನೆ ನಿಂತೆ. ದೀಪಗಳು ಉರಿಯುತ್ತಿದ್ದವು, ಮಂದಿ ಕಾಯುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು, ಹಾಗಾದರೆ ನಿಮಗೆ ಏನು ಮಾಡಬೇಕೆನಿಸುತ್ತದೆ? ನನ್ನ ಕಸುಬು ಅಲ್ಲಿಂದ ನಡೆಯಿತು. ಸುಮ್ಮನೆ ನಿಲ್ಲುವುದು ಪುಕ್ಕಟೆ ಸಿಗುವ ವಿದ್ಯೆ ಎಂದು ಯಾರೂ ತಿಳಿಯಬಾರದು. ನಾನು ಮೇಜಿನ ಮೇಲೆ ನಿಂತ ವರ್ಷ ತೊಗರಿ ಕೊಯ್ಲಿಗೆ ವಾಡೆಯಿಂದ ಅವ್ವನಿಗೆ ಕರೆ ಬರಲಿಲ್ಲ. ಅವಳು ನಸುಕಿನಲ್ಲಿ ಎದ್ದು ಜಿಡಗಾದ ಕಡೆಯ ಹೊಲಗಳಿಗೆ ನಡೆದು ಹೋಗಿ ಬಂದಳು, ಒಂದು ಸಲವೂ ನನ್ನ ಮೇಲೆ ಸಿಟ್ಟು ತೆಗೆಯಲಿಲ್ಲ. ಅಪ್ಪನ ಮೇಲೆ ತೆಗೆದಳು, ಬೇಕಾದಷ್ಟು.

ಮದುವೆಯ ಆ ಸಂಜೆ ಮನೆಗೆ ಬಂದು ನಾಲ್ವರೂ ಊಟಕ್ಕೆ ಕೂತೆವು. ರೊಟ್ಟಿ, ಪುಂಡಿಪಲ್ಯ. ಬಾಯಿಗೆ ಬಿಡುವಿಲ್ಲದಂತೆ ಪಲ್ಯ ಉಣ್ಣುವ ಆಯಿ ತುತ್ತು ಮುರಿದು ಕೈಯಲ್ಲೇ ಹಿಡಿದು ಕೂತಿದ್ದಳು.

"ಸುಜೀ, ಅವ್ರು ಮಾಡು ಅಂದ್ರು. ನೀ ಮಾಡಲಿಲ್ಲ."

"ಹೂಂ ಆಯಿ."

"ಬೈಲಿಲ್ಲ. ಹೊಡೀಲಿಲ್ಲ. ಸುಮ್ಮ ಕುಂತ್ರು."

"ಹೂಂ."

ತುತ್ತನ್ನು ತಟ್ಟೆಗೆ ಇಟ್ಟಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ದುಃಖವೂ ಇರಲಿಲ್ಲ. ಕೂಸೊಂದು ಕೇಳುವಂತೆ, ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ಹಂಗಾದ್ರ ಆಗ ನಾನೂ ಸುಮ್ಮ ನಿಲ್ಲಬೇಕಿತ್ತೇನು?"

ಅವಳು ಕೇಳಿದ್ದು ನನ್ನನ್ನು. ಉತ್ತರ ಕೊಟ್ಟದ್ದು ಅಪ್ಪ. ಅಷ್ಟು ವರ್ಷ ಅವಳ ನಗಿಸುವಿಕೆಗೆ ತಲೆ ತಗ್ಗಿಸಿದ್ದ ಅಪ್ಪ, ತಟ್ಟೆ ನೋಡುತ್ತಲೇ ಹೇಳಿದ.

"ಇಲ್ಲವ್ವಾ. ನೀ ಸುಮ್ಮ ನಿಂತಿದ್ರ ನಾ ಉಪಾಸ ಸಾಯ್ತಿದ್ದೆ."

ಅವ್ವನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಆಯಿ ಮಗನನ್ನು ನೋಡಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮೂಗು ಒರೆಸಿಕೊಂಡಳು, ಅದೇ ಸೆರಗಿನಿಂದ.

"ಇದೊಂದು ಮಾತು ಆಡಾಕ ಇಷ್ಟು ವರ್ಷ ಬೇಕಾತೇನೋ ಖೋಡಿ?" ಅಂದಳು. "ಜರಾ ಪಲ್ಯಾ ಹಾಕು."